ಜೆನೆಟಿಕ್ಸ್ ಮತ್ತು ಪ್ರಿಸಿಷನ್ ಮೆಡಿಸಿನ್ ಕಾರ್ಯಾಗಾರ: ಅರ್ಜಿ ಹಾಕುವುದರಿಂದ ಹಿಡಿದು ಮುಗಿಸಿ ಬರುವವರೆಗೆ

ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಎರಡೇ. ಒಂದು, "ನಾನು ಜೀವಶಾಸ್ತ್ರ ಓದಿದವಳು, ಕೋಡಿಂಗ್ ಗೊತ್ತಿಲ್ಲ. ಅಂತಾರಾಷ್ಟ್ರೀಯ ಜೆನೆಟಿಕ್ಸ್ ಕಾರ್ಯಾಗಾರಕ್ಕೆ ನನ್ನನ್ನು ತೆಗೆದುಕೊಳ್ಳುತ್ತಾರಾ?" ಇನ್ನೊಂದು, "ನಾನು ವೈದ್ಯ, ದಿನವಿಡೀ ರೋಗಿಗಳನ್ನು ನೋಡುತ್ತೇನೆ. ಈ ಜಿನೋಮ್ ವಿಶ್ಲೇಷಣೆ ನನಗೆ ಅರ್ಥವಾಗುತ್ತದಾ?" ಎರಡಕ್ಕೂ ಉತ್ತರ ಹೌದು ಎಂದೇ. (ಜಿನೋಮ್ ಎಂದರೆ ಒಬ್ಬರ ಪೂರ್ತಿ ಡಿಎನ್‌ಎ.) ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಐದಾರು ದಿನಗಳ ಕಾರ್ಯಾಗಾರ ಯಾರಿಗೂ ಒಂದು ವಿಷಯವನ್ನು ಬುಡದಿಂದ ಕಲಿಸಲಾರದು. ಓದಿಕೊಂಡು ಬಂದವರ ಗಂಟುಗಳನ್ನು ಬಿಡಿಸಿಕೊಡುವುದಷ್ಟೇ ಅದರ ಕೆಲಸ. ಹಾಗಾಗಿ ನಿಮ್ಮದೇ ಒಂದು ಪ್ರಶ್ನೆ ಇಟ್ಟುಕೊಂಡು, ಅದಕ್ಕೆ ಬೇಕಾದಷ್ಟು ತಯಾರಿ ಮಾಡಿಕೊಂಡು ಹೋಗಿ. ಕೆಳಗಿನ ಹಂತಗಳೆಲ್ಲ ಇದಕ್ಕಾಗಿಯೇ.

ಪ್ರಿಸಿಷನ್ ಮೆಡಿಸಿನ್ ಎಂದರೆ, ಒಂದೇ ಕಾಯಿಲೆಯ ಎಲ್ಲರಿಗೂ ಒಂದೇ ಔಷಧ, ಒಂದೇ ಪ್ರಮಾಣ ಎನ್ನದೆ, ವ್ಯಕ್ತಿಯ ಜೀನ್, ಪರಿಸರ ಮತ್ತು ಜೀವನಕ್ರಮ ನೋಡಿ ಚಿಕಿತ್ಸೆ ನಿರ್ಧರಿಸುವ ಪದ್ಧತಿ. ಎಚ್‌ಐವಿ ಔಷಧ ಅಬಕವಿರ್ ಕೊಡುವ ಮುನ್ನ ಎಚ್‌ಎಲ್‌ಎ-ಬಿ*57:01 ಎಂಬ ವಂಶವಾಹಿ ರೂಪ ಇದೆಯೇ ಎಂದು ಪರೀಕ್ಷಿಸುತ್ತಾರೆ, ಏಕೆಂದರೆ ಅದಿದ್ದವರಿಗೆ ಪ್ರಾಣಕ್ಕೇ ಕುತ್ತು ತರುವ ಅಲರ್ಜಿಯಾಗಬಹುದು. ಸ್ತನ ಕ್ಯಾನ್ಸರಿನಲ್ಲಿ ಎಚ್‌ಇಆರ್2 ಎಂಬ ಪ್ರೋಟೀನ್ ಹೆಚ್ಚಾಗಿರುವವರಿಗೆಂದೇ ಇರುವ ಟ್ರಾಸ್ಟುಜುಮ್ಯಾಬ್ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1998ರಲ್ಲಿ. ಅಂದರೆ ಇದು ನಾಳೆ ಬರಲಿರುವ ಸಂಗತಿಯಲ್ಲ, ಆಸ್ಪತ್ರೆಯೊಳಗೆ ಈಗಾಗಲೇ ನಡೆಯುತ್ತಿರುವ ಕೆಲಸ.

1. ಯಾವ ಬಗೆಯ ಕಾರ್ಯಾಗಾರ ಎಂದು ಮೊದಲು ತಿಳಿದುಕೊಳ್ಳಿ

ಹೆಸರು ಒಂದೇ ಇದ್ದರೂ ಒಳಗಿನ ಹೂರಣ ಬೇರೆಬೇರೆ. ಕೆಲವು ಕಡೆ ಡಿಎನ್‌ಎ ದತ್ತಾಂಶವನ್ನು ಕಂಪ್ಯೂಟರಿನಲ್ಲಿ ವಿಶ್ಲೇಷಿಸುವುದೇ ಪ್ರಧಾನ, ಅದನ್ನು ಬಯೋಇನ್‌ಫರ್ಮ್ಯಾಟಿಕ್ಸ್ ಎನ್ನುತ್ತಾರೆ. ಕೆಲವು ಕಡೆ ಪ್ರಯೋಗಾಲಯದಲ್ಲಿ ಮಾದರಿ ಸಿದ್ಧಪಡಿಸಿ ಡಿಎನ್‌ಎ ಓದುವ ಯಂತ್ರಕ್ಕೆ ಹಾಕುವ ಕೈಕೆಲಸ. ಇನ್ನು ಕೆಲವು ವೈದ್ಯರಿಗೆಂದೇ ಇರುವಂಥವು: ವರದಿ ಓದುವುದು, ಔಷಧ ಆರಿಸುವುದು, ಕುಟುಂಬಕ್ಕೆ ವಿಷಯ ತಿಳಿಸುವ ಜೆನೆಟಿಕ್ ಕೌನ್ಸೆಲಿಂಗ್. ನೈತಿಕತೆ ಮತ್ತು ಕಾನೂನಿಗೇ ಮೀಸಲಾದವೂ ಇವೆ.

ಭಾಷಣಕಾರರ ಪಟ್ಟಿ ನೋಡಿ ಮರುಳಾಗಬೇಡಿ. ವೇಳಾಪಟ್ಟಿ ತೆಗೆದು, ಎಷ್ಟು ಗಂಟೆ ಉಪನ್ಯಾಸ, ಎಷ್ಟು ಗಂಟೆ ಕೈಯಾರೆ ಮಾಡುವ ಅಭ್ಯಾಸ ಎಂದು ಲೆಕ್ಕ ಹಾಕಿ. ಅರ್ಧದಷ್ಟಾದರೂ ಅಭ್ಯಾಸವಿಲ್ಲದಿದ್ದರೆ ಅದು ಸಮ್ಮೇಳನವೇ ಹೊರತು ಕಾರ್ಯಾಗಾರವಲ್ಲ ಎಂಬುದು ನನ್ನ ಅಭಿಪ್ರಾಯ. ಉಪನ್ಯಾಸಗಳನ್ನು ಮನೆಯಲ್ಲೇ ಕೂತು ಕೇಳಬಹುದು. ತಪ್ಪಾದಾಗ ಪಕ್ಕದಲ್ಲಿ ನಿಂತು ತಿದ್ದುವವರು ಮಾತ್ರ ಅಲ್ಲಿಗೆ ಹೋದರೇ ಸಿಗುವುದು.

"ಪೂರ್ವಸಿದ್ಧತೆ" ಎಂಬ ಭಾಗವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಲಿನಕ್ಸ್ ಕಮಾಂಡ್ ಲೈನ್ (ಆದೇಶ ಟೈಪ್ ಮಾಡಿ ಕಂಪ್ಯೂಟರ್ ನಡೆಸುವ ವಿಧಾನ) ಗೊತ್ತಿರಬೇಕು ಎಂದು ಬರೆದಿದ್ದರೆ, ಮೊದಲ ದಿನದ ಮೊದಲ ಗಂಟೆಯಿಂದಲೇ ಅದು ಬೇಕಾಗುತ್ತದೆ.

2. ಅಸಲಿಯೋ ನಕಲಿಯೋ ನೋಡಿ

ಜಿನೋಮಿಕ್ಸ್ ಹೆಸರಿನಲ್ಲಿ ಹಣ ಕೀಳುವ ಕಾರ್ಯಕ್ರಮಗಳು ಸಾಕಷ್ಟಿವೆ. ನಿಮ್ಮನ್ನು ಹೊಗಳಿ ಬರುವ ಆಹ್ವಾನ, ನಿಮ್ಮ ಕ್ಷೇತ್ರಕ್ಕೆ ಸಂಬಂಧವೇ ಇಲ್ಲದ ವಿಷಯ, ಮೇಲಿಂದ ಮೇಲೆ ಮುಂದೂಡುವ ಕೊನೆಯ ದಿನಾಂಕ, ಆಯ್ಕೆ ಪ್ರಕ್ರಿಯೆಯೇ ಇಲ್ಲದೆ ನೇರ ಹಣ ಪಾವತಿಯ ಕೊಂಡಿ: ಇವುಗಳಲ್ಲಿ ಎರಡು ಕಂಡರೂ ಎಚ್ಚರವಾಗಿ. ಕಾರ್ಯಾಗಾರದ ಪುಟ ವಿಶ್ವವಿದ್ಯಾಲಯದ ಅಧಿಕೃತ ಜಾಲತಾಣದೊಳಗೇ ಇದೆಯೇ, ನಡೆಸುವ ವಿಭಾಗದ ಪ್ರಾಧ್ಯಾಪಕರು ಅದನ್ನು ತಮ್ಮ ಪುಟದಲ್ಲಿ ಹೇಳಿಕೊಂಡಿದ್ದಾರೆಯೇ ನೋಡಿ. ಅನುಮಾನ ಉಳಿದರೆ, ಆಹ್ವಾನದಲ್ಲಿರುವ ವಿಳಾಸಕ್ಕಲ್ಲ, ವಿಭಾಗದ ಕಚೇರಿಯ ವಿಳಾಸವನ್ನು ನೀವೇ ಹುಡುಕಿ ಅಲ್ಲಿಗೆ ಬರೆದು ಕೇಳಿ. ಉತ್ತರ ಬರುವವರೆಗೆ ಒಂದು ಪೈಸೆಯನ್ನೂ ಕಟ್ಟಬೇಡಿ.

3. ಅರ್ಜಿಯಲ್ಲಿ ನಿಮ್ಮ ಪ್ರಶ್ನೆ ಕಾಣಬೇಕು

ಬಹುತೇಕ ಕಡೆ ಕೇಳುವುದು ಸ್ವವಿವರ, ಉದ್ದೇಶಪತ್ರ, ಒಂದೋ ಎರಡೋ ಶಿಫಾರಸು ಪತ್ರ. ನಿಮ್ಮ ಸಂಶೋಧನೆಯನ್ನು ಪೋಸ್ಟರಿನಲ್ಲಿ ತೋರಿಸುವ ಅವಕಾಶವಿದ್ದರೆ ಅದರ ಸಾರಾಂಶವನ್ನೂ ಕೇಳುತ್ತಾರೆ. ಇವುಗಳಲ್ಲಿ ನಿಮ್ಮನ್ನು ಗೆಲ್ಲಿಸುವುದೂ ಸೋಲಿಸುವುದೂ ಉದ್ದೇಶಪತ್ರ.

ಹೆಚ್ಚಿನವರು ಹೀಗೆ ಬರೆಯುತ್ತಾರೆ: "ನನಗೆ ಬಾಲ್ಯದಿಂದಲೂ ಜೆನೆಟಿಕ್ಸ್‌ನಲ್ಲಿ ಅಪಾರ ಆಸಕ್ತಿ. ಈ ಕಾರ್ಯಾಗಾರ ನನ್ನ ಜ್ಞಾನವನ್ನು ವಿಸ್ತರಿಸುತ್ತದೆ ಎಂದು ನಂಬಿದ್ದೇನೆ." ಇದರಿಂದ ಆಯ್ಕೆ ಮಾಡುವವರಿಗೆ ಏನೂ ತಿಳಿಯುವುದಿಲ್ಲ. ಹೀಗೆ ಬರೆದು ನೋಡಿ: "ನಮ್ಮ ವಿಭಾಗಕ್ಕೆ ಅಪಸ್ಮಾರದ ಮಕ್ಕಳ ಎಕ್ಸೋಮ್ ವರದಿಗಳು ಬರುತ್ತವೆ. ಅನೇಕ ವರದಿಗಳಲ್ಲಿ 'ಮಹತ್ವ ಅನಿಶ್ಚಿತ' ಎಂಬ ಫಲಿತಾಂಶವಿರುತ್ತದೆ. ಅದನ್ನು ಯಾವಾಗ, ಹೇಗೆ ಮರುಪರಿಶೀಲಿಸಬೇಕು ಎಂಬ ಕ್ರಮ ನಮ್ಮಲ್ಲಿಲ್ಲ. ಮೂರನೆಯ ದಿನದ ಅಭ್ಯಾಸ ನನಗೆ ಬೇಕಾಗಿರುವುದು ಈ ಕ್ರಮ ರೂಪಿಸಲು." ಕೆಲಸ, ತೊಡಕು, ಕಾರ್ಯಾಗಾರದ ಯಾವ ಭಾಗ ಅದಕ್ಕೆ ನೆರವಾಗುತ್ತದೆ ಎನ್ನುವುದು, ಮೂರೂ ಇದರಲ್ಲಿ ಬಂದವು. ಎಕ್ಸೋಮ್ ಎಂದರೆ ಜಿನೋಮಿನಲ್ಲಿ ಪ್ರೋಟೀನ್ ತಯಾರಿಕೆಯ ಸೂಚನೆ ಇರುವ ಭಾಗ, ಒಟ್ಟಿನ ಶೇ 1ರಿಂದ 2ರಷ್ಟು ಮಾತ್ರ.

ವಿದ್ಯಾರ್ಥಿಗಳಿಗೆ ಇಂಥ ಕೆಲಸದ ಹಿನ್ನೆಲೆ ಇಲ್ಲದಿರಬಹುದು. ಪರವಾಗಿಲ್ಲ. ಸಾರ್ವಜನಿಕವಾಗಿ ಸಿಗುವ ದತ್ತಾಂಶದ ಮೇಲೆ ಚಿಕ್ಕ ವಿಶ್ಲೇಷಣೆ ಮಾಡಿ, ಎಲ್ಲಿ ಸಿಕ್ಕಿಕೊಂಡಿರಿ ಎಂದು ಬರೆಯಿರಿ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಮಾತ್ರ ಬರೆಯಬೇಡಿ. ಅಭ್ಯಾಸದ ಗುಂಪುಗಳನ್ನು ನಿಮ್ಮ ಅರ್ಜಿ ನೋಡಿಯೇ ಮಾಡುತ್ತಾರೆ. ಇಲ್ಲದ ಪರಿಣತಿ ಬರೆದುಕೊಂಡರೆ ನಿಮಗೂ ಕಷ್ಟ, ಗುಂಪಿಗೂ ಕಷ್ಟ.

ಶಿಫಾರಸು ಪತ್ರ ಬರೆಯುವವರಿಗೆ ಕನಿಷ್ಠ ಮೂರು ವಾರ ಸಮಯ ಕೊಡಿ. ಜೊತೆಗೆ ನಿಮ್ಮ ಉದ್ದೇಶಪತ್ರದ ಕರಡನ್ನೂ ಕೊಡಿ. ದೊಡ್ಡ ಹುದ್ದೆಯವರ ನಾಲ್ಕು ಸಾಲಿಗಿಂತ, ನಿಮ್ಮ ಕೆಲಸವನ್ನು ಹತ್ತಿರದಿಂದ ಕಂಡ ಮೇಲ್ವಿಚಾರಕರ ಒಂದು ಪುಟಕ್ಕೆ ತೂಕ ಹೆಚ್ಚು.

4. ಹಣ ಮತ್ತು ವೀಸಾ

ಶುಲ್ಕ ವಿನಾಯಿತಿ ಮತ್ತು ಪ್ರಯಾಣ ಧನಸಹಾಯ ಎರಡೂ ಬೇರೆ, ಅರ್ಜಿಗಳೂ ಅನೇಕ ಸಲ ಬೇರೆ. ಅವುಗಳ ಕೊನೆಯ ದಿನಾಂಕ ಮುಖ್ಯ ಅರ್ಜಿಗಿಂತ ಮೊದಲೇ ಇರುವುದುಂಟು. ಧನಸಹಾಯವನ್ನು ಮೊದಲೇ ಕೊಡುತ್ತಾರೋ, ನೀವು ಖರ್ಚು ಮಾಡಿ ರಸೀದಿ ಕೊಟ್ಟ ಮೇಲೆ ಮರಳಿಸುತ್ತಾರೋ ಎಂಬುದನ್ನು ಬರವಣಿಗೆಯಲ್ಲೇ ಕೇಳಿ ತಿಳಿದುಕೊಳ್ಳಿ. ಎರಡನೆಯದಾದರೆ ವಿಮಾನದ ಟಿಕೆಟ್ಟಿನ ಹಣ ನಿಮ್ಮ ಕೈಯಿಂದಲೇ ಹೋಗಬೇಕು. ವೀಸಾ ಶುಲ್ಕ, ಪ್ರಯಾಣ ವಿಮೆ ಮತ್ತು ಸ್ಥಳೀಯ ಓಡಾಟದ ಖರ್ಚು ಧನಸಹಾಯದಲ್ಲಿ ಸೇರಿದೆಯೇ ಎಂದೂ ಅದೇ ಪತ್ರದಲ್ಲಿ ಕೇಳಿಬಿಡಿ.

ಆಯ್ಕೆಯಾದ ದಿನವೇ ವೀಸಾಗೆ ಬೇಕಾದ ಆಹ್ವಾನ ಪತ್ರ ಕೇಳಿ. ಪತ್ರದಲ್ಲಿನ ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಅಕ್ಷರಕ್ಕಕ್ಷರ ಇರಬೇಕು. ಹೆಸರಿನ ಮುಂದೆ ಇನಿಷಿಯಲ್ ಬರೆಯುವ ಅಭ್ಯಾಸ ಇರುವವರಿಗೆ ಇಲ್ಲೇ ತೊಂದರೆಯಾಗುವುದು.

5. ಹೋಗುವ ಮುನ್ನ ಓದಿಕೊಳ್ಳಬೇಕಾದದ್ದು

ಈ ಹಂತಕ್ಕೆ ಕನಿಷ್ಠ ಆರು ವಾರ ಇಟ್ಟುಕೊಳ್ಳಿ. ಇದರ ಮೇಲೆ ನಿಮ್ಮ ಇಡೀ ಕಾರ್ಯಾಗಾರ ನಿಂತಿದೆ.

ಮೊದಲು ಗಾತ್ರದ ಅಂದಾಜು ಬರಲಿ. ಮನುಷ್ಯನ ಜಿನೋಮ್ ಎಂದರೆ ನಾಲ್ಕು ರಾಸಾಯನಿಕ ಅಕ್ಷರಗಳಲ್ಲಿ ಬರೆದ, ಸುಮಾರು 300 ಕೋಟಿ ಅಕ್ಷರಗಳ ಪಠ್ಯ. ಪ್ರೋಟೀನ್ ತಯಾರಿಸುವ ಜೀನ್‌ಗಳು ಅದರಲ್ಲಿ ಸುಮಾರು 20,000. ಯಾರದೇ ಜಿನೋಮನ್ನು ಮಾನದಂಡವಾಗಿ ಇಟ್ಟುಕೊಂಡ ಪಠ್ಯದೊಂದಿಗೆ ಹೋಲಿಸಿದರೆ 40ರಿಂದ 50 ಲಕ್ಷ ಕಡೆ ವ್ಯತ್ಯಾಸ ಸಿಗುತ್ತದೆ. ಈ ಒಂದೊಂದು ವ್ಯತ್ಯಾಸವೂ ಒಂದು ವೇರಿಯಂಟ್. ಇವುಗಳಲ್ಲಿ ಬಹುಪಾಲು ನಿರುಪದ್ರವಿ. ರೋಗಕ್ಕೆ ಕಾರಣವಾದ ಒಂದೆರಡನ್ನು ಆ ರಾಶಿಯಿಂದ ಹೆಕ್ಕುವುದು ಹೇಗೆ ಎಂಬುದನ್ನೇ ನೀವು ಅಲ್ಲಿ ಕಲಿಯುವುದು.

ನಂತರ ಮೂರು ಬಗೆಯ ಕಡತಗಳ ಪರಿಚಯ ಮಾಡಿಕೊಳ್ಳಿ. ಡಿಎನ್‌ಎ ಅಕ್ಷರಗಳನ್ನು ಓದುವ ಸೀಕ್ವೆನ್ಸಿಂಗ್ ಯಂತ್ರದಿಂದ ಬಂದ ತುಣುಕುಗಳು ಫಾಸ್ಟ್‌ಕ್ಯೂ ಕಡತದಲ್ಲಿರುತ್ತವೆ, ಪ್ರತಿ ಅಕ್ಷರಕ್ಕೂ ಅದು ಎಷ್ಟು ನಂಬಲರ್ಹ ಎಂಬ ಅಂಕದ ಸಮೇತ. ಅಂಕ 30 ಎಂದರೆ ತಪ್ಪಿರುವ ಸಾಧ್ಯತೆ ಸಾವಿರಕ್ಕೆ ಒಂದು. ಆ ತುಣುಕುಗಳನ್ನು ಮಾನದಂಡ ಜಿನೋಮಿನ ಮೇಲೆ ತಕ್ಕ ಜಾಗದಲ್ಲಿ ಕೂರಿಸಿದ್ದು ಬ್ಯಾಮ್ ಕಡತ. ಅಲ್ಲಿ ಕಂಡ ವ್ಯತ್ಯಾಸಗಳ ಪಟ್ಟಿ ವಿಸಿಎಫ್ ಕಡತ. ಈ ಮೂರರ ಕೆಲಸ ತಿಳಿದಿದ್ದರೆ ಬೋಧಕರು ಏನು ಮಾಡುತ್ತಿದ್ದಾರೆ ಎಂಬುದು ಕೈತಪ್ಪುವುದಿಲ್ಲ.

ಈಗ ಒಂದೇ ಒಂದು ವೇರಿಯಂಟ್ ಹಿಡಿದು ಕೊನೆಯವರೆಗೂ ಹೋಗಿ. ನಾನು ಸೂಚಿಸುವ ವೇರಿಯಂಟಿನ ಗುರುತು ಸಂಖ್ಯೆ ಆರ್‌ಎಸ್4244285. ಇದು ಸಿವೈಪಿ2ಸಿ19 ಎಂಬ ಜೀನಿನಲ್ಲಿದೆ, 10ನೇ ವರ್ಣತಂತುವಿನ ಮೇಲೆ. ಅಲ್ಲಿ 'ಜಿ' ಇರಬೇಕಾದ ಕಡೆ 'ಎ' ಇರುತ್ತದೆ. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದವರಿಗೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಕ್ಲೋಪಿಡೋಗ್ರೆಲ್ ಮಾತ್ರೆ ದೇಹದೊಳಗೆ ಹೋದ ಮೇಲೆ ಈ ಜೀನಿನ ಕಿಣ್ವದಿಂದಲೇ ಕ್ರಿಯಾಶೀಲವಾಗಬೇಕು. ತಂದೆ ತಾಯಿ ಇಬ್ಬರಿಂದಲೂ ಈ ವೇರಿಯಂಟ್ ಬಂದಿದ್ದರೆ ಕಿಣ್ವ ಕೆಲಸ ಮಾಡುವುದಿಲ್ಲ, ಮಾತ್ರೆ ನುಂಗಿದರೂ ಸಿಗಬೇಕಾದ ರಕ್ಷಣೆ ಸಿಗುವುದಿಲ್ಲ. ಅಮೆರಿಕದ ಔಷಧ ನಿಯಂತ್ರಕರು 2010ರಲ್ಲಿ ಈ ಮಾತ್ರೆಯ ಲೇಬಲ್ಲಿಗೆ ಈ ಬಗ್ಗೆಯೇ ಕಟ್ಟೆಚ್ಚರಿಕೆ ಸೇರಿಸಿದರು. ಏಷ್ಯಾದ ಜನಸಮುದಾಯಗಳಲ್ಲಿ ಈ ವೇರಿಯಂಟ್ ಯುರೋಪಿನವರಿಗಿಂತ ಹೆಚ್ಚು ಸಾಮಾನ್ಯ.

ಇದನ್ನೇ ಏಕೆ ಆರಿಸಿದೆ ಎಂದರೆ, ಹೊಸಬರು ಬೀಳುವ ಎರಡು ಹಳ್ಳಗಳು ಇದೊಂದರಲ್ಲೇ ಕಾಣುತ್ತವೆ.

ಮೊದಲನೆಯದು ಜಾಗದ ಗೊಂದಲ. ಮಾನದಂಡ ಜಿನೋಮಿಗೆ ಆವೃತ್ತಿಗಳಿವೆ: 2009ರ ಜಿಆರ್‌ಸಿಎಚ್37, 2013ರ ಜಿಆರ್‌ಸಿಎಚ್38. ಇದೇ ವೇರಿಯಂಟ್ ಹಳೆಯದರಲ್ಲಿ 96541616ನೇ ಜಾಗದಲ್ಲಿದ್ದರೆ ಹೊಸದರಲ್ಲಿ 94781859ರಲ್ಲಿದೆ. ಒಂದು ಆವೃತ್ತಿಯ ಕಡತವನ್ನು ಇನ್ನೊಂದರ ಪಟ್ಟಿಯೊಂದಿಗೆ ಹೋಲಿಸಿದರೆ ತಂತ್ರಾಂಶ ಎಷ್ಟೋ ಸಲ ದೂರುವುದೇ ಇಲ್ಲ, ಸುಮ್ಮನೆ "ಏನೂ ಸಿಗಲಿಲ್ಲ" ಎನ್ನುತ್ತದೆ. ರೋಗಿಗೆ ವೇರಿಯಂಟ್ ಇಲ್ಲ ಎಂದುಕೊಂಡು ನೀವು ಮುಂದೆ ಹೋಗಿಬಿಡುತ್ತೀರಿ. ಯಾವ ಕಡತ ತೆರೆದರೂ ಮೊದಲು ಆವೃತ್ತಿ ನೋಡಿ. ಒಂದು ಕಡತದಲ್ಲಿ ವರ್ಣತಂತುವಿನ ಹೆಸರು ಬರೀ "10" ಎಂದೂ ಇನ್ನೊಂದರಲ್ಲಿ "ಸಿಎಚ್‌ಆರ್10" ಎಂದೂ ಇದ್ದರೂ ಇದೇ ಕಥೆ.

ಎರಡನೆಯದು ಇನ್ನೂ ಸೂಕ್ಷ್ಮ. ಈ ಬದಲಾವಣೆಯಿಂದ ಪ್ರೋಟೀನಿನ ಅಮೈನೋ ಆಮ್ಲ ಬದಲಾಗುವುದಿಲ್ಲ. ಹಾಗಾಗಿ ಅದಕ್ಕೆ "ಸಿನಾನಿಮಸ್", ಅಂದರೆ ಅರ್ಥ ಬದಲಿಸದ್ದು, ಎಂಬ ಹಣೆಪಟ್ಟಿ ಬೀಳುತ್ತದೆ. ಪಟ್ಟಿ ಚಿಕ್ಕದು ಮಾಡುವ ಅವಸರದಲ್ಲಿ ಎಲ್ಲರೂ ಮೊದಲು ಅಳಿಸುವುದು ಸಿನಾನಿಮಸ್ ವೇರಿಯಂಟ್‌ಗಳನ್ನೇ. ಆದರೆ ಇದು ಜೀನಿನ ಸಂದೇಶವನ್ನು ಕತ್ತರಿಸಿ ಜೋಡಿಸುವ ಜಾಗವನ್ನು ತಪ್ಪಿಸುತ್ತದೆ, ಆ ಕ್ರಿಯೆಗೆ ಸ್ಪ್ಲೈಸಿಂಗ್ ಎನ್ನುತ್ತಾರೆ. ಜೋಡಣೆ ತಪ್ಪಿದ ಮೇಲೆ ಕಿಣ್ವವೇ ಕೆಟ್ಟಿತು. ಹಣೆಪಟ್ಟಿ ನೋಡಿ ಅಳಿಸಿದವರ ಕೈಯಿಂದ ರೋಗಿಯ ಚಿಕಿತ್ಸೆಗೆ ಅತಿ ಮುಖ್ಯವಾದ ಸಾಲೇ ಜಾರಿಹೋಗುತ್ತದೆ. ಇದನ್ನು ಒಮ್ಮೆ ಕೈಯಾರೆ ಮಾಡಿ ನೋಡಿ, ಆಮೇಲೆ ಯಾವ ಸೋಸುವಿಕೆಯನ್ನೂ ನೀವು ಕಣ್ಣುಮುಚ್ಚಿ ಮಾಡುವುದಿಲ್ಲ.

ವೇರಿಯಂಟ್‌ಗಳ ವರ್ಗೀಕರಣ ತಿಳಿದುಕೊಳ್ಳಿ. ಎಸಿಎಂಜಿ ಮತ್ತು ಎಎಂಪಿ ಎಂಬ ಅಮೆರಿಕದ ಎರಡು ವೃತ್ತಿಸಂಸ್ಥೆಗಳು 2015ರಲ್ಲಿ ಪ್ರಕಟಿಸಿದ ಸೂತ್ರಗಳನ್ನೇ ಹೆಚ್ಚಿನ ಕಡೆ ಬಳಸುತ್ತಾರೆ. ಅದರಲ್ಲಿ ಐದು ವರ್ಗ: ರೋಗಕಾರಕ, ಬಹುಶಃ ರೋಗಕಾರಕ, ಮಹತ್ವ ಅನಿಶ್ಚಿತ, ಬಹುಶಃ ನಿರುಪದ್ರವಿ, ನಿರುಪದ್ರವಿ. ನಡುವಿನದು, ವಿಯುಎಸ್ ಎನ್ನುವುದು, ಎಲ್ಲರ ತಲೆನೋವು. ವಿಯುಎಸ್ ಆಧಾರದ ಮೇಲೆ ಶಸ್ತ್ರಚಿಕಿತ್ಸೆಯಂಥ ನಿರ್ಧಾರ ತೆಗೆದುಕೊಳ್ಳಬಾರದು. ಸಾಕ್ಷ್ಯ ಸೇರುತ್ತ ಹೋದಂತೆ ಅದು ಯಾವ ಕಡೆಗೂ ವಾಲಬಹುದು. ಕ್ಲಿನ್‌ವಾರ್ ಎಂಬ ಸಾರ್ವಜನಿಕ ಕೋಶದಲ್ಲಿ ಹುಡುಕುವಾಗ ವರ್ಗವನ್ನಷ್ಟೇ ನೋಡಿ ನಿಲ್ಲಬೇಡಿ, ಪಕ್ಕದ ನಕ್ಷತ್ರಗಳನ್ನೂ ನೋಡಿ. ಎಷ್ಟು ಗಟ್ಟಿಯಾದ ಪರಿಶೀಲನೆ ನಡೆದಿದೆ ಎಂದು ಹೇಳುವುದು ಅವೇ. ಒಂದು ವೇರಿಯಂಟ್ ಜನರಲ್ಲಿ ಎಷ್ಟು ಸಾಮಾನ್ಯ ಎಂದು ತಿಳಿಯಲು ನೋಮ್ಯಾಡ್ ಎಂಬ ಕೋಶವಿದೆ. ಅದರ ನಾಲ್ಕನೆಯ ಆವೃತ್ತಿಯಲ್ಲಿ 8 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಇದೆ. ಆದರೆ ಅದರಲ್ಲಿ ದೊಡ್ಡ ಪಾಲು ಯುರೋಪ್ ಮೂಲದವರದು. "ಕೋಶದಲ್ಲಿ ಅಪರೂಪ" ಎಂದ ಮಾತ್ರಕ್ಕೆ ನಿಮ್ಮ ರೋಗಿಯ ಸಮುದಾಯದಲ್ಲೂ ಅಪರೂಪ ಎಂದು ತಿಳಿಯಬೇಡಿ. ಅನೇಕ ವೇರಿಯಂಟ್‌ಗಳ ಪ್ರಭಾವ ಕೂಡಿಸಿ ಲೆಕ್ಕಹಾಕುವ ಪಾಲಿಜೆನಿಕ್ ರಿಸ್ಕ್ ಸ್ಕೋರ್‌ಗೂ ಇದೇ ಮಿತಿ. ಒಂದು ಜನಸಮುದಾಯದ ಮೇಲೆ ಕಟ್ಟಿದ ಅಂಕ ಇನ್ನೊಂದಕ್ಕೆ ಸರಿಯಾಗಿ ಹೊಂದುವುದಿಲ್ಲ. ಈ ವಿಷಯವನ್ನು ಕಾರ್ಯಾಗಾರದಲ್ಲಿ ಕೇಳಲು ಹಿಂಜರಿಯಬೇಡಿ, ಯುರೋಪಿನಾಚೆಯ ಜನರ ಜೊತೆ ಕೆಲಸ ಮಾಡುವವರು ಕೇಳಲೇಬೇಕಾದ ಪ್ರಶ್ನೆ ಇದು.

ಕೋಡಿಂಗ್ ವಿಷಯ. ಕಮಾಂಡ್ ಲೈನಿನಲ್ಲಿ ಕಡತ ಹುಡುಕುವುದು, ತೆರೆಯುವುದು, ಸಾಲು ಎಣಿಸುವುದು, ಒಂದು ಪದವಿರುವ ಸಾಲುಗಳನ್ನು ಹೆಕ್ಕುವುದು ಬಂದರೆ ಆರಂಭಕ್ಕೆ ಸಾಕು. ಅದೂ ಬೇಡವೆನ್ನುವವರಿಗೆ ಗ್ಯಾಲಕ್ಸಿ ಎಂಬ ಉಚಿತ ವೇದಿಕೆ ಇದೆ, ಬ್ರೌಸರಿನಲ್ಲೇ ಗುಂಡಿ ಒತ್ತಿ ಇಡೀ ವಿಶ್ಲೇಷಣೆ ಮಾಡಬಹುದು. ಯುರೋಪಿನ ಇಎಂಬಿಎಲ್-ಇಬಿಐ ಸಂಸ್ಥೆಯ ಆನ್‌ಲೈನ್ ಪಾಠಗಳೂ ಉಚಿತ.

ಎಕ್ಸೆಲ್ ಬಗ್ಗೆ ಒಂದು ಎಚ್ಚರಿಕೆ. ಜೀನ್ ಪಟ್ಟಿಯನ್ನು ನೇರವಾಗಿ ಎಕ್ಸೆಲ್‌ನಲ್ಲಿ ತೆರೆಯಬೇಡಿ. ಎಂಎಆರ್‌ಸಿಎಚ್1 ಎಂಬ ಜೀನಿನ ಹೆಸರನ್ನು ಅದು ಮಾರ್ಚ್ 1 ಎಂಬ ದಿನಾಂಕವಾಗಿ ಬದಲಿಸಿಬಿಡುತ್ತಿತ್ತು. ಎಕ್ಸೆಲ್ ಜೀನ್ ಪಟ್ಟಿ ಲಗತ್ತಿಸಿದ ಸಂಶೋಧನಾ ಲೇಖನಗಳಲ್ಲಿ ಸುಮಾರು ಐದರಲ್ಲಿ ಒಂದರಲ್ಲಿ ಇಂಥ ದೋಷವಿದೆ ಎಂದು 2016ರ ಅಧ್ಯಯನವೊಂದು ತೋರಿಸಿತು. ಕೊನೆಗೆ ಜೀನ್‌ಗಳಿಗೆ ಹೆಸರಿಡುವ ಸಮಿತಿಯೇ 2020ರ ಹೊತ್ತಿಗೆ ಇಂಥ ಹೆಸರುಗಳನ್ನು ಬದಲಿಸಬೇಕಾಯಿತು. ಹಳೆಯ ಪಟ್ಟಿಗಳಲ್ಲಿ ಹಳೆಯ ಹೆಸರುಗಳು ಇನ್ನೂ ಇವೆ. ಆಮದು ಮಾಡುವಾಗ ಆ ಕಾಲಂ "ಪಠ್ಯ" ಎಂದು ನಮೂದಿಸಿ.

6. ಲ್ಯಾಪ್‌ಟಾಪ್ ಸಿದ್ಧಪಡಿಸುವುದು

ಸಂಘಟಕರು ಕಳಿಸಿದ ತಂತ್ರಾಂಶಗಳ ಪಟ್ಟಿಯನ್ನು ಹೊರಡುವ ಹತ್ತು ದಿನ ಮೊದಲೇ ಹಾಕಿಕೊಂಡು, ಅವರು ಕೊಟ್ಟ ಪರೀಕ್ಷಾ ಕಡತದ ಮೇಲೆ ನಡೆಸಿ ನೋಡಿ. ಇನ್‌ಸ್ಟಾಲ್ ಆಯಿತು ಎಂದ ಮಾತ್ರಕ್ಕೆ ಕೆಲಸ ಮಾಡುತ್ತದೆ ಎಂದಲ್ಲ. ಕಚೇರಿಯ ಲ್ಯಾಪ್‌ಟಾಪ್ ಒಯ್ಯುವವರು ಹೊಸ ತಂತ್ರಾಂಶ ಹಾಕುವ ಅನುಮತಿಯನ್ನು ಮೊದಲೇ ಪಡೆಯಿರಿ, ಅಲ್ಲಿ ಹೋದ ಮೇಲೆ ಪಾಸ್‌ವರ್ಡ್ ಕೇಳಿದರೆ ಯಾರೂ ನೆರವಾಗಲಾರರು. ಅಲ್ಲಿನ ಪ್ಲಗ್ಗಿಗೆ ಹೊಂದುವ ಅಡಾಪ್ಟರ್ ಮತ್ತು 50 ಜಿಬಿ ಖಾಲಿ ಜಾಗ ಇರಲಿ.

7. ರೋಗಿಗಳ ದತ್ತಾಂಶ ಒಯ್ಯಬೇಡಿ

"ನಿಮ್ಮ ಸ್ವಂತ ದತ್ತಾಂಶ ತನ್ನಿ" ಎಂಬ ಆಹ್ವಾನ ಕೆಲವು ಕಾರ್ಯಾಗಾರಗಳಲ್ಲಿರುತ್ತದೆ. ಹೆಸರು ತೆಗೆದುಬಿಟ್ಟರೆ ಸಾಕು ಎಂದುಕೊಂಡು ಪೆನ್‌ಡ್ರೈವಿನಲ್ಲಿ ವಿಸಿಎಫ್ ಕಡತ ಹಾಕಿಕೊಂಡು ಹೊರಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಜಿನೋಮೇ ಒಂದು ಗುರುತಿನ ಚೀಟಿ. ಹೆಸರಿಲ್ಲದ ಜಿನೋಮ್‌ಗಳಿಂದ ತಂದೆಯಿಂದ ಮಗನಿಗೆ ಬರುವ ವೈ ವರ್ಣತಂತುವಿನ ಗುರುತುಗಳನ್ನು ತೆಗೆದು, ಸಾರ್ವಜನಿಕ ವಂಶಾವಳಿ ಕೋಶಗಳೊಂದಿಗೆ ಹೋಲಿಸಿ ಕುಲನಾಮವನ್ನೇ ಪತ್ತೆ ಮಾಡಬಹುದು ಎಂದು 2013ರಲ್ಲೇ ವಿಜ್ಞಾನಿಗಳು ತೋರಿಸಿದ್ದಾರೆ. ಅದು ಬಯಲಾದರೆ ರೋಗಿಯೊಬ್ಬರದ್ದಷ್ಟೇ ಅಲ್ಲ, ಅವರ ಮಕ್ಕಳ, ಒಡಹುಟ್ಟಿದವರ ಗುಟ್ಟೂ ಬಯಲಾಗುತ್ತದೆ.

ಒಯ್ಯಲೇಬೇಕಾದರೆ ಮೂರು ಕಾಗದ ಕೈಯಲ್ಲಿರಲಿ: ಹೊರಗೆ ಹಂಚಿಕೊಳ್ಳಲು ರೋಗಿ ಕೊಟ್ಟ ಒಪ್ಪಿಗೆ, ನಿಮ್ಮ ಸಂಸ್ಥೆಯ ನೈತಿಕ ಸಮಿತಿಯ ಅನುಮತಿ, ದತ್ತಾಂಶ ದೇಶದಾಚೆ ಹೋಗಲು ಕಾನೂನಿನ ಸಮ್ಮತಿ. ಚಿಕಿತ್ಸೆಗೆಂದು ಕೊಟ್ಟ ಒಪ್ಪಿಗೆ ತರಬೇತಿಗೆ ಅನ್ವಯಿಸುವುದಿಲ್ಲ. ಇಷ್ಟೆಲ್ಲ ಇಲ್ಲದವರು 1000 ಜಿನೋಮ್ಸ್ ಯೋಜನೆಯ ದತ್ತಾಂಶ ಬಳಸಿ. 26 ಜನಸಮುದಾಯಗಳ 2,504 ಜನರ ಮಾಹಿತಿ ಅದರ ಮೂರನೆಯ ಹಂತದಲ್ಲಿದೆ, ಎಲ್ಲರಿಗೂ ಮುಕ್ತ. ಇಡೀ ಜಿನೋಮ್ ಇಳಿಸಿಕೊಳ್ಳಬೇಡಿ, 22ನೇ ವರ್ಣತಂತು ಚಿಕ್ಕದು, ಅಭ್ಯಾಸಕ್ಕೆ ಅದು ಸಾಕು.

8. ಅಲ್ಲಿರುವ ದಿನಗಳಲ್ಲಿ

ಅಭ್ಯಾಸದ ಹೊತ್ತಿನಲ್ಲಿ ಹಿಂದೆ ಬಿದ್ದರೆ ತಕ್ಷಣ ಕೈಯೆತ್ತಿ. ಎಲ್ಲರಿಗೂ ಅರ್ಥವಾಗಿದೆ, ನನಗೊಬ್ಬನಿಗೇ ಆಗಿಲ್ಲ ಎಂಬ ಅಂಜಿಕೆಯಿಂದ ಸುಮ್ಮನೆ ಕೂತವರು ಮಧ್ಯಾಹ್ನದ ಹೊತ್ತಿಗೆ ಪೂರ್ತಿ ಕಳೆದುಹೋಗುತ್ತಾರೆ. ಟೈಪ್ ಮಾಡಿದ ಪ್ರತಿ ಆದೇಶವನ್ನೂ ಒಂದು ಪಠ್ಯ ಕಡತದಲ್ಲಿ ಉಳಿಸಿ, ಪಕ್ಕದಲ್ಲಿ ಏಕೆ ಎಂದು ಒಂದು ಸಾಲು ಬರೆಯಿರಿ. ಸ್ಲೈಡ್‌ಗಳು ಹೇಗೂ ಸಿಗುತ್ತವೆ, ಈ "ಏಕೆ" ಮಾತ್ರ ಬೇರೆಲ್ಲೂ ಸಿಗದು.

ನೀವು ವೈದ್ಯರಾದರೆ ಗುಂಪಿನ ಕಂಪ್ಯೂಟರಿನವರ ಪಕ್ಕ ಕೂರಿ, ಕಂಪ್ಯೂಟರಿನವರಾದರೆ ವೈದ್ಯರ ಪಕ್ಕ ಕೂರಿ. ವೇರಿಯಂಟ್ ರೋಗಕಾರಕ ಎಂದು ತೀರ್ಮಾನಿಸಲು ರೋಗಿಯ ಲಕ್ಷಣ, ಕುಟುಂಬದ ಚರಿತ್ರೆ ಎರಡೂ ಬೇಕು, ಅದನ್ನು ತಂತ್ರಾಂಶ ಹೇಳುವುದಿಲ್ಲ. ನಿಮ್ಮ ಪ್ರಶ್ನೆಯನ್ನು ಎರಡನೆಯ ದಿನದೊಳಗೆ ಬೋಧಕರೊಬ್ಬರ ಮುಂದಿಡಿ. ಕೊನೆಯ ದಿನ ಎಲ್ಲರೂ ಹೊರಡುವ ಗಡಿಬಿಡಿಯಲ್ಲಿರುತ್ತಾರೆ.

9. ಮರಳಿದ ಮೇಲೆ

ಕಾರ್ಯಾಗಾರದ ಸರ್ವರ್ ಎಷ್ಟು ದಿನ ತೆರೆದಿರುತ್ತದೆ ಎಂದು ಹೊರಡುವ ಮೊದಲೇ ಕೇಳಿಕೊಳ್ಳಿ. ಅದು ಮುಚ್ಚುವುದರೊಳಗೆ ಅದೇ ವಿಶ್ಲೇಷಣೆಯನ್ನು ನಿಮ್ಮ ಯಂತ್ರದಲ್ಲಿ ಮೊದಲಿಂದ ಮಾಡಿ, ಎರಡರ ಫಲಿತಾಂಶ ಹೋಲಿಸಿ. ಹೊಂದದಿದ್ದರೆ ಹೆಚ್ಚಾಗಿ ತಂತ್ರಾಂಶದ ಆವೃತ್ತಿಯಲ್ಲೋ ಮಾನದಂಡ ಜಿನೋಮಿನ ಆವೃತ್ತಿಯಲ್ಲೋ ವ್ಯತ್ಯಾಸವಿರುತ್ತದೆ. ಎರಡೂ ಸರಿಯಿದ್ದು ಇನ್ನೂ ಬಗೆಹರಿಯದಿದ್ದರೆ, ನಿಮ್ಮ ಮುಖಪರಿಚಯ ಮಾಸುವ ಮೊದಲು, ವಾರದೊಳಗೆ ಬೋಧಕರಿಗೆ ಇಮೇಲ್ ಮಾಡಿ. ಒಂದು ಇಮೇಲಿಗೆ ಒಂದೇ ಪ್ರಶ್ನೆ. ನೀವು ಕೊಟ್ಟ ಆದೇಶ, ಬಂದ ದೋಷಸಂದೇಶದ ಪೂರ್ತಿ ಪಠ್ಯ, ತಂತ್ರಾಂಶದ ಆವೃತ್ತಿ ಸಂಖ್ಯೆ, ಇಷ್ಟನ್ನೂ ಅದರಲ್ಲೇ ಸೇರಿಸಿ. ಪರದೆಯ ಫೋಟೋ ತೆಗೆದು ಕಳಿಸಬೇಡಿ, ಅದರಿಂದ ಆದೇಶವನ್ನು ಅವರು ನಕಲು ಮಾಡಿಕೊಳ್ಳಲಾಗುವುದಿಲ್ಲ.